ಪಾಯ ತೋಡುವ ಮುನ್ನ ಮಣ್ಣಿಗೊಂದು ಜಾಗ ಗೊತ್ತುಮಾಡಿ

ದೆಹಲಿಯ ಜನಕಪುರಿಯಲ್ಲಿ ಹಳೆಯ ಮನೆ ಕೆಡವಿ, ಕೆಳಗೆ ಪಾರ್ಕಿಂಗ್ ಬಿಟ್ಟು ಮೇಲೆ ಅಂತಸ್ತುಗಳನ್ನು ಏರಿಸುವುದು ಈಗ ಸಾಮಾನ್ಯ. ಅಲ್ಲಿ ಮನೆ ಕಟ್ಟಿಸುವ ಕನ್ನಡಿಗರು ನಕ್ಷೆಯಷ್ಟೇ ಗಮನವನ್ನು ಮಣ್ಣಿಗೂ ಕೊಡಬೇಕು. ಯಮುನೆಯ ಬಯಲಿನ ನುಣುಪು ಮಣ್ಣು ಮೇ ತಿಂಗಳ ಬಿಸಿಗಾಳಿಗೆ ಏಳುತ್ತದೆ, ಜುಲೈ ಮಳೆಗೆ ಚರಂಡಿ ಸೇರುತ್ತದೆ. 2024ರ ಜೂನ್ 28ರಂದು ಸಫ್ದರ್‌ಜಂಗ್‌ ಹವಾಮಾನ ಕೇಂದ್ರದಲ್ಲಿ ದಾಖಲಾದ ಮಳೆ 228.1 ಮಿ.ಮೀ. ಅಂಥ ದಿನ ಹೂಳು ತುಂಬಿದ ಚರಂಡಿಯ ನೀರು ನುಗ್ಗುವುದು ನೆರೆಮನೆಗೆ.

ಮೊದಲು ಕಾಲ ನೋಡಿ. ಚಳಿಗಾಲದಲ್ಲಿ ವಾಯುಮಾಲಿನ್ಯ ಹೆಚ್ಚಿ ‘ಗ್ರ್ಯಾಪ್’ ಎಂಬ ಹಂತವಾರು ನಿರ್ಬಂಧ ಯೋಜನೆಯ ಮೂರನೇ ಹಂತ ಜಾರಿಯಾದರೆ ಮಣ್ಣು ಅಗೆಯುವ ಕೆಲಸ ನಿಲ್ಲಿಸಲೇಬೇಕು. ಜೂನ್ ಕೊನೆಗೆ ಮುಂಗಾರು ಬರುತ್ತದೆ. ಹಾಗಾಗಿ ಫೆಬ್ರುವರಿ ಕೊನೆಯಲ್ಲಿ ಪಾಯ ತೋಡಿಸಿ, ಮಳೆಗೆ ಮೊದಲೇ ನೆಲಮಾಳಿಗೆಯ ಗೋಡೆ ಮುಗಿಸುವುದು ಕ್ಷೇಮ. ತೆರೆದ ಗುಂಡಿಗೆ ಮಳೆನೀರು ನಿಂತರೆ ಪಕ್ಕದ ಮನೆಯ ಅಡಿಪಾಯವೂ ಅಪಾಯಕ್ಕೆ ಸಿಲುಕುತ್ತದೆ.

ನಿವೇಶನ 500 ಚದರ ಮೀಟರ್ ಅಥವಾ ಅದಕ್ಕೂ ಹೆಚ್ಚಿದ್ದರೆ ದೂಳು ನಿಯಂತ್ರಣ ಪೋರ್ಟಲ್‌ನಲ್ಲಿ ನೋಂದಣಿ ಕಡ್ಡಾಯ. ಅದಕ್ಕಿಂತ ಚಿಕ್ಕದಾದರೆ ನಿಯಮವೇ ಇಲ್ಲವೆಂದು ಠೇಕೇದಾರ ಹೇಳಿದರೆ ನಂಬಬೇಡಿ. ಕೇಂದ್ರ ಪರಿಸರ ಸಚಿವಾಲಯದ 2018ರ ಜನವರಿ ಅಧಿಸೂಚನೆಯ ಪ್ರಕಾರ ಸಡಿಲ ಮಣ್ಣು, ಮರಳು, ಅವಶೇಷ ಯಾವುದನ್ನೂ ಮುಚ್ಚದೆ ಬಿಡುವಂತಿಲ್ಲ. ಕಟ್ಟಡದ ಎತ್ತರದ ಮೂರನೇ ಒಂದು ಭಾಗದಷ್ಟು, ಗರಿಷ್ಠ 10 ಮೀಟರ್, ಗಾಳಿತಡೆ ಬೇಕು. 15 ಮೀಟರ್ ಮನೆಗೆ 5 ಮೀಟರ್ ಮರೆ ಎಂದಾಯಿತು. ನೀರು ಚಿಮುಕಿಸುವ ವ್ಯವಸ್ಥೆಯ ಜೊತೆಗೆ, ಕೈಗೊಂಡ ಕ್ರಮಗಳನ್ನು ತಿಳಿಸುವ ಫಲಕವೂ ಇರಬೇಕು.

ರಸ್ತೆ ಬದಿ ಸಾಮಗ್ರಿ ರಾಶಿ ಹಾಕುವುದೂ ನಿಷಿದ್ಧ. ಜನಕಪುರಿಯ ಇಕ್ಕಟ್ಟಿನಲ್ಲಿ ಹೆಚ್ಚು ಮುರಿಯುವುದು ಇದೇ ನಿಯಮ. ಒಂದೇ ಸಲ ಲಾರಿಗಟ್ಟಲೆ ಮರಳು ತರಿಸದೆ, ಎರಡು ಮೂರು ದಿನಕ್ಕೆ ಬೇಕಾದಷ್ಟನ್ನೇ ತರಿಸಿ ಒಳಗಿಡಿ.

ದೂಳಿನ ನಿಯಮ ಪಾಲಿಸಿದರೆ ಮಣ್ಣು ಕೊಚ್ಚಿಹೋಗುವುದನ್ನೂ ಅರ್ಧ ತಡೆದಂತೆ. ಇನ್ನರ್ಧಕ್ಕೆ ನಿವೇಶನದ ತಗ್ಗಿನ ಮೂಲೆಯಲ್ಲಿ ಮರಳುಚೀಲಗಳನ್ನು ಎರಡು ಸಾಲು ಪೇರಿಸಿ, ಒಳಗಡೆ ಸಣ್ಣ ಗುಂಡಿ ಮಾಡಿಸಿ. ಪಂಪಿನಿಂದ ಎತ್ತಿದ ಕೆಸರುನೀರು ಅಲ್ಲಿ ತಿಳಿಯಾದ ಮೇಲೆಯೇ ಹೊರಹೋಗಲಿ. 100 ಚದರ ಮೀಟರ್ ಮತ್ತು ಮೇಲ್ಪಟ್ಟ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಷ್ಟೆ. ಆ ನೀರನ್ನು ನೆಲಕ್ಕೆ ಇಳಿಸುವ ಇಂಗುಗುಂಡಿಯ ಬಾಯಿಯನ್ನು ಕಟ್ಟಡ ಮುಗಿಯುವವರೆಗೆ ಮುಚ್ಚಿಡಿ. ಒಮ್ಮೆ ಹೂಳು ಕೂತರೆ ಅದು ನೀರು ಹೀರುವುದಿಲ್ಲ.

ಮಣ್ಣು ಸಾಗಿಸುವ ಲಾರಿಗೆ ಟಾರ್ಪಾಲ್ ಹೊದಿಸಿದ್ದಾರೆಯೇ ಎಂದು ನೀವೇ ನಿಂತು ನೋಡಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2015ರ ಏಪ್ರಿಲ್ ಆದೇಶ ಸಾಗಣೆಯ ಪ್ರತಿ ತಪ್ಪಿಗೆ 5,000 ರೂ., ನಿರ್ಮಾಣ ಸ್ಥಳದ ತಪ್ಪಿಗೆ 50,000 ರೂ. ದಂಡ ಗೊತ್ತುಪಡಿಸಿತು. ಹೊಣೆ ಮಾಲೀಕರಿಗೂ ಇದೆ. ಆದ್ದರಿಂದ ಈ ಷರತ್ತುಗಳನ್ನೆಲ್ಲ ಠೇಕೇದಾರನ ಕರಾರಿನಲ್ಲೇ ಬರೆಸಿ.

ಉಳಿದ ‘ಮಲ್ಬಾ’ವನ್ನು, ಅಂದರೆ ಕೆಡವಿದ ಇಟ್ಟಿಗೆ, ಗಾರೆಯನ್ನು ಪಾರ್ಕಿನ ಬದಿ ಸುರಿಯಬೇಡಿ. ಪಾಲಿಕೆ ಗುರುತಿಸಿದ ಸ್ಥಳಕ್ಕೇ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಪಕ್ಕದವರ ರಾಶಿ ನಿಮ್ಮ ಚರಂಡಿಗೆ ಇಳಿಯುತ್ತಿದ್ದರೆ ಮೊದಲು ಅವರಿಗೇ ಹೇಳಿ. ಕೇಳದಿದ್ದರೆ ಪಾಲಿಕೆಯ ‘ಎಂಸಿಡಿ 311’ ಆ್ಯಪ್‌ನಲ್ಲಿ ಫೋಟೊ ಸಹಿತ ದೂರು ಕೊಡಬಹುದು.