ನೋವಿನ ಮದ್ದು

ಗಸಗಸೆಯ ಪಾಯಸ ಉಂಡವರಿಗೆ ಹಬ್ಬದ ಮಧ್ಯಾಹ್ನ ಕಣ್ಣೆಳೆಯುತ್ತದೆಂದು ಹಿರಿಯರು ನಗೆಯಾಡುವುದುಂಟು. ಗಸಗಸೆಯ ಬೀಜ ನಿರಪಾಯಕಾರಿಯಾದ ಅಡುಗೆಯ ಪದಾರ್ಥ. ಆದರೆ ಅದೇ ಗಿಡದ ಹಸಿಯ ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿ ಅಫೀಮಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಸೆರ್ಟ್ಯುರ್ನರ್ ಎಂಬ ಔಷಧ ತಯಾರಕನು ಅಫೀಮಿನಿಂದ ಒಂದು ಸತ್ತ್ವವನ್ನು ಬೇರ್ಪಡಿಸಿ, ಅದಕ್ಕೆ ಗ್ರೀಕರ ಸ್ವಪ್ನದೇವತೆಯ ಹೆಸರನ್ನಿಟ್ಟನು. ಅದೇ ಮಾರ್ಫೀನ್.

ಕ್ಯಾನ್ಸರ್ ಎಲುಬಿಗೆ ಹಬ್ಬಿದಾಗ ಉಂಟಾಗುವ ಯಾತನೆಯನ್ನು ಸಾಮಾನ್ಯ ಮಾತ್ರೆಗಳು ತಡೆಯಲಾರವು. ರೋಗಿ ಮಲಗಲಾರ, ಕೂಡಲಾರ; ಮನೆಮಂದಿಗೂ ನಿದ್ದೆಯಿಲ್ಲ. ನಾಲ್ಕು ತಾಸಿಗೊಮ್ಮೆ ಕೊಡುವ ಮಾರ್ಫೀನ್ ಮಾತ್ರೆ ಅಂಥವನನ್ನು ಎದ್ದು ಕುಳಿತು ಮೊಮ್ಮಕ್ಕಳೊಡನೆ ಮಾತಾಡುವಂತೆ ಮಾಡಬಲ್ಲುದು. ಅದೇ ಮದ್ದನ್ನು ನೋವಿಲ್ಲದವನು ಸೇವಿಸತೊಡಗಿದರೆ ಚಟವಾಗುತ್ತದೆ. ಪ್ರಮಾಣ ಮೀರಿದರೆ ಉಸಿರೇ ನಿಲ್ಲುತ್ತದೆ. ಅಮೆರಿಕದ ವೈದ್ಯರು ೧೯೯೦ರ ದಶಕದಿಂದ ಈ ಬಗೆಯ ಮಾತ್ರೆಗಳನ್ನು ಧಾರಾಳವಾಗಿ ಬರೆದುಕೊಟ್ಟುದರ ಫಲವಾಗಿ ಲಕ್ಷಕ್ಕೂ ಮಿಕ್ಕಿ ಜನ ಪ್ರಾಣ ಕಳೆದುಕೊಂಡರು.

ಭಾರತದಲ್ಲಿ ಆದ ತಪ್ಪು ಇದಕ್ಕೆ ವಿರುದ್ಧವಾದುದು. ೧೯೮೫ರ ಮಾದಕ ದ್ರವ್ಯಗಳ ಕಾಯಿದೆ ಮಾರ್ಫೀನನ್ನು ಔಷಧವಾಗಿ ಬಳಸುವುದನ್ನು ನಿಷೇಧಿಸಿರಲಿಲ್ಲ. ಆದರೆ ಬಹುಪಾಲು ಅಪರಾಧಗಳಿಗೆ ೧೦ ವರ್ಷಕ್ಕೆ ಕಡಮೆಯಿಲ್ಲದ ಸೆರೆವಾಸವನ್ನು ಅದು ವಿಧಿಸಿತ್ತು. ಮಾತ್ರೆ ತರಿಸಲು ಹಲವು ಕಚೇರಿಗಳ ಪರವಾನಗಿ ಬೇಕಾಗಿತ್ತು. ಒಂದು ಕೈಸೇರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಅಂಜಿ, ಬೇಸತ್ತು, ಅನೇಕ ಆಸ್ಪತ್ರೆಗಳು ಮಾರ್ಫೀನ್ ಇಡುವುದನ್ನೇ ಬಿಟ್ಟವು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಅಪ್ಪಣೆಯಿಂದಲೇ ಬೆಳೆದ ಅಫೀಮು ಪರದೇಶಗಳ ರೋಗಿಗಳ ನೋವನ್ನು ತಣಿಸಲು ಹೋಗುತ್ತಿತ್ತು; ಇಲ್ಲಿಯ ರೋಗಿ ನರಳುತ್ತಿದ್ದನು. ಈ ಮದ್ದನ್ನು ಹೇಗೆ ಕೊಡಬೇಕೆಂಬುದನ್ನು ಕಲಿಯದೆಯೇ ಎಷ್ಟೋ ಮಂದಿ ವೈದ್ಯರು ಪದವಿ ಪಡೆದರು. ಕಾಗದಪತ್ರಗಳ ತೊಡಕಿಗಿಂತ ಇದು ದೊಡ್ಡ ನಷ್ಟ.

೨೦೧೪ರ ತಿದ್ದುಪಡಿ ಈ ಗಂಟನ್ನು ಸಡಿಲಿಸಿತು. ಮಾರ್ಫೀನ್ ಮೊದಲಾದ ಆರು ಅವಶ್ಯಕ ಔಷಧಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ ಬಂದಿತು. ರಾಜ್ಯದ ಔಷಧ ನಿಯಂತ್ರಕರ ಮನ್ನಣೆ ಪಡೆದ ಆಸ್ಪತ್ರೆ ಅವನ್ನು ಇಟ್ಟುಕೊಳ್ಳಬಹುದು. ಕಾವಲೇನೂ ತಪ್ಪಿಲ್ಲ. ತರಬೇತಿ ಪಡೆದ ವೈದ್ಯರು ಇರಬೇಕು, ಮಾತ್ರೆಗಳು ಬೀಗದೊಳಗಿರಬೇಕು, ಬಂದುದಕ್ಕೂ ಕೊಟ್ಟುದಕ್ಕೂ ಲೆಕ್ಕವಿರಬೇಕು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯ ಜನ ಕ್ಯಾನ್ಸರ್ ಚಿಕಿತ್ಸೆಗಾಗಿ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗುತ್ತಾರೆ. ಇನ್ನು ಗುಣವಾಗದೆಂದು ತಿಳಿದ ಮೇಲೆ ರೋಗಿ ಊರಿಗೆ ಮರಳುತ್ತಾನೆ. ನೋವು ಊರಿನಲ್ಲಿಯೇ ಬೆಳೆಯುತ್ತದೆ. ರಾಮದುರ್ಗದಿಂದ ಬೆಳಗಾವಿಗೆ ಸುಮಾರು ೧೦೦ ಕಿಲೋಮೀಟರು. ಮಾತ್ರೆ ಮುಗಿದಾಗ ಮಗನು ಒಂದು ದಿನದ ದುಡಿಮೆ ಬಿಟ್ಟು, ವೈದ್ಯರ ಚೀಟಿ ಹಿಡಿದು ಬಸ್ಸು ಹತ್ತಬೇಕು. ತಾಲ್ಲೂಕು ಆಸ್ಪತ್ರೆಯ ಒಬ್ಬ ವೈದ್ಯರು ತರಬೇತಿ ಪಡೆದು, ಆ ಆಸ್ಪತ್ರೆಗೂ ಮನ್ನಣೆ ದೊರೆತರೆ, ಅವನು ಬೆಳಗ್ಗೆ ಹೋಗಿ ಮಧ್ಯಾಹ್ನದ ಗುಳಿಗೆಯ ಹೊತ್ತಿಗೆ ತಂದೆಯ ಹಾಸಿಗೆಯ ಬಳಿ ಇರಬಹುದು.