ಮಣ್ಣಿನೊಳಗೆ ಅಲೆ ತಗಡು

ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದರೆ ನೀರು ರಸ್ತೆಯನ್ನು ಹೇಗೆ ದಾಟುತ್ತದೆ? ರಸ್ತೆಯ ಅಡಿಯಲ್ಲಿರುವ ಮೋರಿಯ ಮೂಲಕ. ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ಚಂದಾಪುರ ಸಿಗುತ್ತದೆ. ಅಲ್ಲಿ ಹಗಲಿರುಳೂ ಲಾರಿಗಳ ಓಡಾಟ. ಅಂಥ ರಸ್ತೆಯ ಕೆಳಗಿನ ಮೋರಿ ಕುಸಿದರೆ ಏನಾದೀತು, ಯೋಚಿಸಿ.

ನಮ್ಮ ಕಡೆ ಮೋರಿಗೆ ಹೆಚ್ಚಾಗಿ ಸಿಮೆಂಟಿನ ಹ್ಯೂಮ್ ಪೈಪು ಅಥವಾ ಚಪ್ಪಡಿ ಬಳಸುತ್ತಾರೆ. ಆದರೆ ತೆಳು ತಗಡಿನಿಂದಲೂ ಮೋರಿ ಮಾಡಬಹುದು! 1896ರಲ್ಲಿ ಅಮೆರಿಕದ ಕ್ರಾಫರ್ಡ್ಸ್‌ವಿಲ್ ಎಂಬ ಊರಿನ ಇಬ್ಬರು ಇದಕ್ಕೆ ಪೇಟೆಂಟ್ ಪಡೆದರು. ತಗಡು ನಜ್ಜುಗುಜ್ಜಾಗುವುದಿಲ್ಲವೆ?

ಒಂದು ಪ್ರಯೋಗ ಮಾಡಿ. ಎರಡು ಪುಸ್ತಕಗಳ ನಡುವೆ ಕಾಗದದ ಹಾಳೆಯನ್ನು ಸೇತುವೆಯಂತೆ ಇಡಿ. ಮೇಲೊಂದು ನಾಣ್ಯ ಇಟ್ಟರೆ ಹಾಳೆ ಬಾಗುತ್ತದೆ. ಅದೇ ಹಾಳೆಯನ್ನು ಬೀಸಣಿಗೆಯಂತೆ ಮಡಿಸಿ, ಮಡಿಕೆಗಳು ಪುಸ್ತಕದಿಂದ ಪುಸ್ತಕಕ್ಕೆ ಚಾಚುವಂತೆ ಇಡಿ. ಈಗ ಎಷ್ಟು ನಾಣ್ಯ ನಿಂತವು? ಬೊಮ್ಮಸಂದ್ರದ ಕಾರ್ಖಾನೆಗಳ ಚಾವಣಿ ತಗಡಿಗೆ ಅಲೆಗಳಿರುವುದೂ ಇದಕ್ಕೇ. 1.6 ಮಿ.ಮೀ. ದಪ್ಪದ ತಗಡಿಗೆ 13 ಮಿ.ಮೀ. ಎತ್ತರದ ಅಲೆ ಕೊಟ್ಟರೆ ಅದು ಬಾಗದಂತೆ ತಡೆಯುವ ಶಕ್ತಿ 80 ಪಟ್ಟಿಗೂ ಹೆಚ್ಚಾಗುತ್ತದೆ.

ಆದರೂ ಅಲೆಯೊಂದೇ ಸಾಲದು. ನಿಜವಾದ ಬಲ ಅಕ್ಕಪಕ್ಕದ ಮಣ್ಣಿನದು. ಮೇಲಿನಿಂದ ಭಾರ ಬಿದ್ದಾಗ ಕೊಳವೆ ತುಸು ಚಪ್ಪಟೆಯಾಗಿ ಅದರ ಪಕ್ಕಗಳು ಹೊರಕ್ಕೆ ಉಬ್ಬುತ್ತವೆ. ಗಟ್ಟಿಯಾಗಿ ದಮ್ಮಸು ಮಾಡಿದ ಮಣ್ಣು ಅವನ್ನು ಒಳಕ್ಕೆ ಒತ್ತಿ ಹಿಡಿಯುತ್ತದೆ. ಆಗ ಭಾರವು ಗೋಡೆಯ ಉದ್ದಕ್ಕೂ ಅಮುಕುವ ಬಲವಾಗಿ ಹರಿಯುತ್ತದೆ.

ಈ ಲೆಕ್ಕ ನೀವೂ ಮಾಡಬಲ್ಲಿರಿ. ಕೊಳವೆಯ ಅಗಲ 2 ಮೀಟರ್, ಮೇಲಿನ ಮಣ್ಣು 3 ಮೀಟರ್. ಒಂದು ಮೀಟರ್ ಉದ್ದಕ್ಕೆ 6 ಘನ ಮೀಟರ್ ಮಣ್ಣು. ಘನ ಮೀಟರಿಗೆ ಸುಮಾರು 1.8 ಟನ್ ಎಂದರೆ ಒಟ್ಟು 10.8 ಟನ್. ಎರಡು ಪಕ್ಕದ ಗೋಡೆಗಳಿಗೆ ತಲಾ 5.4 ಟನ್, ಅಂದರೆ ದೊಡ್ಡ ಗಂಡಾನೆಯೊಂದರ ತೂಕ! ಲಾರಿಯ ಭಾರ ಇನ್ನೂ ಸೇರಿಲ್ಲ.

ಆದ್ದರಿಂದ ಮಣ್ಣನ್ನು ಸುಮಾರು ಗೇಣುದ್ದದ ಪದರಗಳಲ್ಲಿ ಎರಡೂ ಪಕ್ಕ ಸಮನಾಗಿ ತುಂಬಿ ದಮ್ಮಸು ಮಾಡಬೇಕು. ಒಂದೇ ಪಕ್ಕ ತುಂಬಿದರೆ ಕೊಳವೆ ಸೊಟ್ಟಗಾಗುತ್ತದೆ. ಅವಸರದ ಕೆಲಸ ಅಂದು ಕಾಣುವುದಿಲ್ಲ, ಮುಂದೊಂದು ಮಳೆಗೆ ಕಾಣುತ್ತದೆ.

ತಗಡಿನ ಇನ್ನೊಂದು ಶತ್ರು ತುಕ್ಕು. ಅದನ್ನು ತಡೆಯಲು ಸತುವಿನ ಲೇಪ ಕೊಡುತ್ತಾರೆ. ಕೊಳಚೆ ಮತ್ತು ರಾಸಾಯನಿಕ ಬೆರೆತ ನೀರು ಈ ಲೇಪವನ್ನೂ ತಿನ್ನುತ್ತದೆ. ಚಂದಾಪುರ ಕೆರೆಯ ಮಾಲಿನ್ಯದ ವಿಷಯ 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂದಿತ್ತು. ಅಂಥ ಕಡೆ ತಗಡಿನ ಮೋರಿ ಹಾಕುವ ಮುನ್ನ ನೀರಿನ ಪರೀಕ್ಷೆ ಆಗಲೇಬೇಕು. ಮೊದಲು ಸವೆಯುವುದು ಸಾಮಾನ್ಯವಾಗಿ ಕೊಳವೆಯ ತಳ. ಕೆಲವೆಡೆ ಎಂಜಿನಿಯರರು ಅಲ್ಲಿಗೆ ಕಾಂಕ್ರೀಟ್ ಹಾಸುತ್ತಾರೆ.