ಇಂದಿನ ಧಮ್ಮಚಿಂತನೆ: ಜನರನ್ನು ಒಗ್ಗೂಡಿಸುವ ನಾಲ್ಕು ಗುಣಗಳು



ಆಳವಿಯ ಹತ್ಥಕ ಒಬ್ಬ ಗೃಹಸ್ಥ ಉಪಾಸಕ. ಆತ 500 ಉಪಾಸಕರೊಡನೆ ಬಂದಾಗ ಭಗವಾನ್ ಬುದ್ಧರು, ಇಷ್ಟು ದೊಡ್ಡ ಬಳಗವನ್ನು ಹೇಗೆ ಒಟ್ಟಾಗಿ ಇಟ್ಟುಕೊಂಡಿದ್ದೀಯ ಎಂದು ಕೇಳಿದರು. ನೀವೇ ಬೋಧಿಸಿದ ನಾಲ್ಕು ಸಂಗಹವತ್ಥುಗಳಿಂದ ಎಂದ ಹತ್ಥಕ.

1. ದಾನ: ಹಣದ ಜೊತೆಗೆ ಸಮಯ, ವಿದ್ಯೆಯನ್ನೂ ಹಂಚುವುದು.
2. ಪಿಯವಾಚಾ: ತಪ್ಪು ತಿದ್ದುವಾಗಲೂ ಮನಸ್ಸು ಮುರಿಯದಂತೆ ಮಾತಾಡುವುದು.
3. ಅತ್ಥಚರಿಯಾ: ಆಸ್ಪತ್ರೆ, ಶಾಲೆ, ಕಚೇರಿಯ ಕಷ್ಟದಲ್ಲಿ ಜನರ ಕೆಲಸಕ್ಕೆ ಒದಗುವುದು.
4. ಸಮಾನತ್ತತಾ: ಎಲ್ಲರನ್ನೂ ತನ್ನಂತೆಯೇ ಕಾಣುವುದು.

ನಾಲ್ಕನೆಯದೇ ಕಠಿಣ. ತಮ್ಮ ಕುಲಗರ್ವ ಮುರಿಯಲೆಂದು ಶಾಕ್ಯ ಕುಮಾರರೇ ಕ್ಷೌರಿಕ ಉಪಾಲಿಗೆ ಮೊದಲು ದೀಕ್ಷೆ ಕೊಡಿಸಿ, ಆತನಿಗೆ ವಂದಿಸಿದರು. ದೀಕ್ಷೆ ಪಡೆದ ಮೇಲೂ ಎಡಗೈಯೋ ಬಲಗೈಯೋ ಎಂದು ವಿಚಾರಿಸುವವನು ವೇದಿಕೆ ಏರಬಹುದು, ನಾಯಕನಾಗಲಾರ.

ರಾಜಕಾರಣದಲ್ಲಿ ವ್ಯಕ್ತಿಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂದು ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದರು. ಹೂಹಾರ ಎಣಿಸುವುದನ್ನು ಬಿಟ್ಟು, ನಮ್ಮ ಮುಂದಾಳುಗಳನ್ನೂ ನಮ್ಮನ್ನೂ ಈ ನಾಲ್ಕರಿಂದಲೇ ಅಳೆಯೋಣ.

ಇಂದಿನ ಅಭ್ಯಾಸ: ವಂದನೆಗೆ ಬರುವುದನ್ನು ನಿಲ್ಲಿಸಿದ ಒಬ್ಬರಿಗೆ ಕರೆ ಮಾಡಿ. ಕಾರಣ ಕೇಳಿ, ನಡುವೆ ಮಾತಾಡದೆ ಪೂರ್ತಿ ಆಲಿಸಿ.

ಭವತು ಸಬ್ಬ ಮಂಗಲಂ 🙏